ಒಳಗಿನ ಮೊಳೆ, ಹೊರಗಿನ ಮೊಳೆ

ನಮ್ಮ ಮಾವನವರು ಮನೆಗೆ ಬಂದ ಕೂಡಲೇ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಚಪ್ಪಲಿ ಬಿಡುವುದಕ್ಕಿಂತ ಮೊದಲು ಕತ್ತನ್ನು ಎಡಕ್ಕೆ ಹೊರಳಿಸಿ ಬಾಗಿಲ ಪಕ್ಕದ ಹಲಗೆಯನ್ನು ನೋಡುತ್ತಿದ್ದರು. ಅದರಲ್ಲಿ ಎರಡು ಸಾಲು ಮೊಳೆಗಳು. ಒಂದು ಸಾಲಿನ ಮೇಲೆ ‘ಒಳಗೆ’ ಎಂದೂ ಇನ್ನೊಂದರ ಮೇಲೆ ‘ಹೊರಗೆ’ ಎಂದೂ ಅವರೇ ಉಳಿಯಿಂದ ಕೊರೆದಿದ್ದರು. ಮನೆಯ ಪ್ರತಿಯೊಬ್ಬರ ಹೆಸರಿನ ಒಂದೊಂದು ಸಾಗವಾನಿ ಬಿಲ್ಲೆ ಆ ಮೊಳೆಗಳಿಗೆ ತೂಗುತ್ತಿತ್ತು. ಹೊರಗೆ ಹೋಗುವಾಗ ನಮ್ಮ ಬಿಲ್ಲೆಯನ್ನು ನಾವೇ ತೆಗೆದು ಹೊರಗಿನ ಮೊಳೆಗೆ ಹಾಕಬೇಕು. ಬಂದ ಮೇಲೆ ಒಳಗಿನ ಮೊಳೆಗೆ. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಹಲಗೆ ನೋಡಿದ ಮೇಲೆ ಅವರ ಹಣೆ ಸಡಿಲವಾಗುತ್ತಿತ್ತು, ಇಲ್ಲವೇ ಇನ್ನಷ್ಟು ಬಿಗಿಯುತ್ತಿತ್ತು. ಆಮೇಲೆ ಚಪ್ಪಲಿ.

ಅನಗೋಳದ ನಮ್ಮ ಓಣಿಯಲ್ಲಿ ಅವರನ್ನು ಸಾಮು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಸಾಮುವೇಲಪ್ಪ ಎಂಬ ಪೂರ್ತಿ ಹೆಸರು ಚರ್ಚಿನ ಪುಸ್ತಕದಲ್ಲಿ ಮಾತ್ರ ಇತ್ತು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಅವರು ಕಟ್ಟಿಗೆಯ ಅಚ್ಚು ಮಾಡುವ ಮೇಸ್ತ್ರಿ. ಕಬ್ಬಿಣ ಎರಕ ಹೊಯ್ಯುವ ಮೊದಲು ಆ ಭಾಗ ಹೇಗಿರಬೇಕೋ ಹಾಗೆ ಕಟ್ಟಿಗೆಯಲ್ಲಿ ಮಾಡಿ ಮರಳಿಗೆ ಒತ್ತುತ್ತಾರಲ್ಲ, ಆ ಕೆಲಸ. ನಾನು ಖಾನಾಪುರದಿಂದ ಸೊಸೆಯಾಗಿ ಬರುವ ಹೊತ್ತಿಗೆ ಅವರು ಫೌಂಡ್ರಿ ಬಿಟ್ಟು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಸಣ್ಣಪುಟ್ಟ ಅಚ್ಚು ಮಾಡಿಕೊಂಡಿದ್ದರು. ಬೆಳಗಾದರೆ ಸಾಗವಾನಿ ಹೊಟ್ಟಿನ ವಾಸನೆ ಚಹಾದ ವಾಸನೆಯ ಜೊತೆ ಅಡುಗೆಮನೆಗೆ ಬರುತ್ತಿತ್ತು.

ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದೆ, ಅದಕ್ಕೆ ಅಚ್ಚನ್ನು ಒಂದು ನೂಲಿನಷ್ಟು ದೊಡ್ಡದು ಮಾಡಬೇಕು. ಹಾಗೆ ಹೆಚ್ಚಿಗೆ ಬಿಡುವುದಕ್ಕೆ ಅವರು ‘ಬಿಡತಿ’ ಅನ್ನುತ್ತಿದ್ದರು. ಈ ಬಿಡತಿಯನ್ನು ಅವರು ಮನುಷ್ಯರಿಗೂ ಕೊಡುತ್ತಿದ್ದರು. ನನ್ನ ಗಂಡ ಪ್ರಭಾಕರ ಕೆಲಸದಿಂದ ಆರಕ್ಕೆ ಬರಬೇಕು ಎಂದರೆ ಆರೂವರೆಯವರೆಗೆ ಮಾವನವರು ಏನೂ ಮಾತಾಡುತ್ತಿರಲಿಲ್ಲ. ಆರೂವರೆ ಆದ ಮೇಲೆ ಗೇಟಿಗೆ ಬಂದು ನಿಲ್ಲುವರು. ಇನ್ನೂ ಕಾಲು ಗಂಟೆ ಹೋದರೆ ಓಣಿಯ ತುದಿಗೆ. ಅಲ್ಲಿಂದ ಬಸ್ ಸ್ಟಾಪಿಗೆ. ಅಷ್ಟರಲ್ಲಿ ಪ್ರಭಾಕರ ಬೇರೆ ದಾರಿಯಿಂದ ಮನೆಗೆ ಬಂದು, ಈಗ ಅಪ್ಪನನ್ನು ಹುಡುಕುವುದಕ್ಕೆ ತಾನು ಹೊರಡುತ್ತಿದ್ದ.

ಬಾಜು ಮನೆಯ ಲಕ್ಷ್ಮೀಬಾಯಿ ಇದನ್ನೆಲ್ಲ ನೋಡಿ ನಗುವವಳು. ಒಂದು ದಿನ ನಮ್ಮ ಬೆಕ್ಕು ಕಾಂಪೌಂಡಿನ ಮೇಲಿಂದ ಜಿಗಿಯುವುದನ್ನು ತೋರಿಸಿ, “ಮೇಸ್ತ್ರಿ, ಇದಕ್ಕ ಬಿಲ್ಲಿ ಮಾಡಲಿಲ್ಲೇನ್ರಿ?” ಎಂದಳು.

ಮಾವನವರು ಕಟ್ಟಿಗೆಗೆ ರಂದ ಹೊಡೆಯುವುದನ್ನು ನಿಲ್ಲಿಸದೆ ಉತ್ತರ ಕೊಟ್ಟರು. “ಬೆಕ್ಕ ದಾರಿ ಮರಿಯೂದಿಲ್ಲ ಯವ್ವಾ. ಮನಷ್ಯಾ ಮರೀತಾನ.”

ದಿನಾ ಸಂಜೆ ಏಳೂವರೆಗೆ ಮನೆಯಲ್ಲಿ ಪ್ರಾರ್ಥನೆ. ಚಾಪೆ ಹಾಸಿ ಅತ್ತೆ, ನನ್ನ ಗಂಡನ ಅಣ್ಣ ದಾವೀದ ಬಾವ, ಪ್ರಭಾಕರ, ನಾನು, ಆಮೇಲೆ ಹುಟ್ಟಿದ ನನ್ನ ಮಗಳು ರೂತ್ ಕೂರುತ್ತಿದ್ದೆವು. ಬಾವ ಮದುವೆಯಾದವರಲ್ಲ. ಮಾವನವರು ಸತ್ಯವೇದದ ಒಂದು ಅಧ್ಯಾಯ ಓದಿಸಿ, ಸುಮಾರಾದ ಧ್ವನಿಯಲ್ಲಿ ಒಂದು ಕೀರ್ತನೆ ಹಾಡಿ, ಹಲಗೆಯ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚುವರು. ಬಿಲ್ಲೆಗಳೆಲ್ಲ ಒಳಗಿದ್ದರೆ “ತಂದೆಯೇ, ಎಲ್ಲರನ್ನೂ ಒಳಗೆ ತಂದಿದ್ದೀ” ಎಂದು ಸ್ತೋತ್ರ ಮಾಡಿ ಮುಗಿಸುವರು. ಯಾರದಾದರೂ ಹೊರಗಿದ್ದರೆ ಅವರ ಹೆಸರು ಹಿಡಿದು, ಅವರು ಬರುವ ದಾರಿ, ಬಸ್ಸು, ತಿರುವು, ಎಲ್ಲವನ್ನೂ ದೇವರಿಗೆ ವಿವರಿಸುವರು. ಅಷ್ಟು ಹೊತ್ತಿಗೆ ಅನ್ನ ಆರಿರುತ್ತಿತ್ತು. ದೇವರಿಗೆ ದಾರಿ ಗೊತ್ತಿಲ್ಲವೇ ಎಂದು ಪ್ರಭಾಕರ ನನ್ನ ಕಿವಿಯಲ್ಲಿ ಗೊಣಗುತ್ತಿದ್ದ.

ನಾನು ಬಂದು ಮೂರು ತಿಂಗಳಾದರೂ ಆ ಹಲಗೆಯ ಮೇಲೆ ನನ್ನ ಬಿಲ್ಲೆ ಇರಲಿಲ್ಲ. ನಾನು ಖಾನಾಪುರದ ಬಡ ಮನೆಯವಳು, ಹತ್ತನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಮಾವನವರಿಗೆ ಮನಸ್ಸಿಲ್ಲದೆ ಈ ಸಂಬಂಧ ಆಗಿದೆ ಎಂದುಕೊಂಡೆ. ಹೊರಗೆ ಹೋಗಿ ಬಂದಾಗಲೆಲ್ಲ ಎಲ್ಲರೂ ಬಿಲ್ಲೆ ಬದಲಿಸುವಾಗ ನಾನು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಲ್ಲುತ್ತಿದ್ದೆ. ಕೊನೆಗೆ ಒಂದು ಶನಿವಾರ ಸಂಜೆ ಕೇಳಿಯೇಬಿಟ್ಟೆ. ಶನಿವಾರ ಸಂಜೆ ಅವರು ಇಡೀ ಮನೆಯವರ ಚರ್ಚಿನ ಬಟ್ಟೆಗೆ ಇದ್ದಿಲಿನ ಇಸ್ತ್ರಿ ಹಾಕುವರು. ಅತ್ತೆಯ ಸೀರೆ, ನನ್ನ ಸೀರೆ, ಎಲ್ಲ ಅವರದೇ ಕೆಲಸ. ಯಾರಾದರೂ ಗಂಡಸರು ಸೀರೆಗೆ ಇಸ್ತ್ರಿ ಹಾಕುವುದೇ ಎಂದು ನಕ್ಕರೆ, ಕಾದ ಇಸ್ತ್ರಿಗೆ ಸೀರೆ ಯಾವುದು, ಅಂಗಿ ಯಾವುದು ಗೊತ್ತೇ ಎನ್ನುತ್ತಿದ್ದರು. ಆ ದಿನ ನನ್ನ ಮಾತು ಕೇಳಿ ಇಸ್ತ್ರಿಯನ್ನು ನಿಲ್ಲಿಸಿಟ್ಟು ಟ್ರಂಕು ತೆಗೆದರು. ‘ಸುಶೀಲಾ’ ಎಂದು ಕೊರೆದ ಬಿಲ್ಲೆ, ಎಣ್ಣೆ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟದ್ದು, ಅಲ್ಲಿತ್ತು. ಲಗ್ನಕ್ಕಿಂತ ಮೊದಲೇ ಮಾಡಿದ್ದರಂತೆ.

“ನೀ ಕೇಳಲಿ ಅಂತ ಇಟ್ಟಿದ್ದೆ ಯವ್ವಾ. ಕೇಳದ ಹಾಕಿದ್ರ ಅದು ಬಿಲ್ಲಿ ಅಲ್ಲ, ಕಾವಲ ಆಕ್ಕೈತಿ.”

ಅವತ್ತು ನಾನು ಎಲ್ಲಿಗೂ ಹೋಗಿರಲಿಲ್ಲ. ಆದರೂ ಬಿಲ್ಲೆಯನ್ನು ಮೊದಲು ಹೊರಗಿನ ಮೊಳೆಗೆ ಹಾಕಿ, ಹೊಸ್ತಿಲು ದಾಟಿ ಹೋಗಿ, ಮತ್ತೆ ಬಂದು ಒಳಗಿನ ಮೊಳೆಗೆ ಹಾಕಿದೆ. ಅತ್ತೆ ನೋಡಿ ಹುಚ್ಚಿ ಎಂದರು.

ಇಷ್ಟು ಆಸೆಪಟ್ಟು ಪಡೆದ ಬಿಲ್ಲೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ರೂತ್ ಒಂದನೆಯ ಇಯತ್ತೆಯಲ್ಲಿದ್ದಾಗಿನ ಮಳೆಗಾಲ. ನನಗೆ ಜ್ವರ ಬಂದು ಬೆಳಿಗ್ಗೆಯಿಂದ ಹಿಂದಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಮಲಗಿದ್ದೆ. ಅತ್ತೆ ಮಧ್ಯಾಹ್ನ ಮಹಿಳಾ ಕೂಟದ ಪ್ರಾರ್ಥನೆಗೆ ಹೋದರು, ಮಾವನವರು ಕಟ್ಟಿಗೆ ತರಲು ಹೋಗಿದ್ದರು. ಆಗ ಖಾನಾಪುರದಿಂದ ಟೆಂಪೋದವನೊಬ್ಬ ಬಂದು, ನನ್ನ ತಾಯಿ ಬಚ್ಚಲಲ್ಲಿ ಬಿದ್ದಿದ್ದಾಳೆ, ಮಾತಾಡುತ್ತಿಲ್ಲ ಎಂದ. ನಾನು ಹೇಗಿದ್ದೆನೋ ಹಾಗೆ ಅವನ ಟೆಂಪೋ ಹತ್ತಿದೆ. ಲಕ್ಷ್ಮೀಬಾಯಿಗೆ ಕೂಗಿ ಹೇಳಿದೆ. ಬಿಲ್ಲೆಯ ನೆನಪಾಗಲಿಲ್ಲ.

ಲಕ್ಷ್ಮೀಬಾಯಿಗೆ ಅವತ್ತೇ ಅವಳ ಮಗಳ ಮನೆಯಿಂದ ಕರೆ ಬಂತು, ಅವಳೂ ಹೊರಟುಹೋದಳು. ಸಂಜೆ ಎಲ್ಲರೂ ಬಂದಾಗ ನನ್ನ ಕೋಣೆಯ ಬಾಗಿಲು ಮುಚ್ಚಿತ್ತು, ನನ್ನ ಬಿಲ್ಲೆ ಒಳಗಿತ್ತು. ಮಲಗಲಿ ಎಂದು ಎಬ್ಬಿಸಲಿಲ್ಲ, ರೂತಳನ್ನೂ ಕೋಣೆಗೆ ಬಿಡಲಿಲ್ಲ. ಮಾವನವರು ಹಲಗೆ ನೋಡಿ, ಎಲ್ಲರನ್ನೂ ಒಳಗೆ ತಂದಿದ್ದೀ ಎಂದು ಸ್ತೋತ್ರ ಮಾಡಿ, ಹೊಟ್ಟೆ ತುಂಬ ಊಟ ಮಾಡಿದರು. ಅತ್ತೆ ಗಂಜಿ ತೆಗೆದುಕೊಂಡು ಕೋಣೆಗೆ ಬಂದಾಗ ಹಾಸಿಗೆ ಖಾಲಿ. ಲಕ್ಷ್ಮೀಬಾಯಿ ಮರಳಿ ಬಂದು ಸುದ್ದಿ ಹೇಳುವ ಹೊತ್ತಿಗೆ ಖಾನಾಪುರದ ಕೊನೆಯ ಬಸ್ಸು ಹೋಗಿತ್ತು. ನಡೆದು ಹೋಗುತ್ತೇನೆ ಎಂದ ಮಾವನವರನ್ನು ಮಕ್ಕಳಿಬ್ಬರೂ ಹಿಡಿದು ಕೂರಿಸಬೇಕಾಯಿತಂತೆ.

ಮರುದಿನ ಬೆಳಿಗ್ಗೆ ನಾನು ತವರಿನ ಅಡುಗೆಮನೆಯಲ್ಲಿ ಒಲೆ ಊದುತ್ತಿದ್ದೆ. ತಾಯಿ ಎಚ್ಚರಾಗಿ ಮಾತಾಡಿದ್ದಳು, ಗಾಬರಿ ಕಳೆದಿತ್ತು. ಬಾಗಿಲಲ್ಲಿ ಕಡ್ಡಿ ಮುರಿದ ಕೊಡೆ ಹಿಡಿದು ಮಾವನವರು ನಿಂತಿದ್ದರು. ಮೊಣಕಾಲಿನವರೆಗೆ ಕೆಂಪು ಮಣ್ಣು. ತಾಯಿಯನ್ನು ನೋಡಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಚಹಾ ಕೊಟ್ಟರೆ ಬೇಡವೆಂದರು. ನಿನ್ನೆಯ ಊಟ ಇನ್ನೂ ಗಂಟಲಲ್ಲಿದೆ ಎಂದರು.

ಮಳೆ ನಿಂತ ಮೇಲೆ ಮಲಪ್ರಭೆಯ ಘಾಟಿನ ಕಡೆ ನಡೆದೆವು. ಹೊಳೆ ಕೆಂಪಾಗಿ ಉಬ್ಬಿ ಮೆಟ್ಟಿಲುಗಳನ್ನು ಮುಳುಗಿಸಿತ್ತು. ಬೈಸಿಕೊಳ್ಳಲು ನಾನು ತಯಾರಾಗಿದ್ದೆ. ಅವರು ಅಂಗಿಯ ಕಿಸೆಯಿಂದ ನನ್ನ ಬಿಲ್ಲೆ ತೆಗೆದರು.

“ಒಳಗ ಇಟ್ರ ಸುಳ್ಳ. ಹೊರಗ ಹಾಕಾಕ ಅದು ನಂದಲ್ಲ. ಅದಕ್ಕ ಕಿಸೇದಾಗ ಹಾಕ್ಕೊಂಡ ಬಂದೆ,” ಎಂದರು. ಹೊಳೆಯ ಕಡೆ ತಿರುಗಿದರು. “ನಿನ್ನಿ ದೇವರ ಮುಂದ ಸುಳ್ಳ ಸ್ತೋತ್ರ ಮಾಡಿದೆ ಯವ್ವಾ. ನೀ ಮಳ್ಯಾಗ ಟೆಂಪೋದಾಗ ಹೊಂಟಿದ್ದಿ, ನಾ ಎಲ್ಲಾರೂ ಒಳಗ ಅದಾರ ಅಂತ ಉಂಡೆ.”

ಬಿಲ್ಲೆ ಮರೆತದ್ದಕ್ಕೆ ಇಷ್ಟೊಂದು ಸಂಕಟ ಏಕೆ ಎಂದು ನಾನು ಕೇಳಿರಬೇಕು. ಆಗ ಅವರು ನಿಂಗಪ್ಪನ ವಿಷಯ ಹೇಳಿದರು. ಅದನ್ನು ಅವರು ಮಕ್ಕಳಿಗೂ ಹೇಳಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಅವರು ಹರೆಯದಲ್ಲಿ ಕೆಲಸ ಮಾಡಿದ ಮೊದಲಿನ ಫೌಂಡ್ರಿಯಲ್ಲಿ ಎಲ್ಲ ಕೆಲಸಗಾರರಿಗೂ ಹಿತ್ತಾಳೆಯ ಬಿಲ್ಲೆ ಇರುತ್ತಿತ್ತು. ಬರುವಾಗ ಒಂದು ಕಡೆ, ಹೋಗುವಾಗ ಇನ್ನೊಂದು ಕಡೆ ತೂಗುಹಾಕಬೇಕು. ಒಂದು ಮಳೆಯ ಸಂಜೆ ಕೆಲಸ ಬಿಟ್ಟು ಹೊರಡುವಾಗ ಒಳಗಿನ ಮೊಳೆಗೆ ಒಂದೇ ಬಿಲ್ಲೆ ಉಳಿದಿತ್ತು. ಮರಳು ತುಂಬುವ ನಿಂಗಪ್ಪನದು. ಹಿಂದಿನ ಶೆಡ್ಡಿನಲ್ಲಿ ಕೈಕಾಲು ತೊಳೆಯುತ್ತಿರಬೇಕು, ಬರುತ್ತಾನೆ ಎಂದುಕೊಂಡು ಮಾವನವರು ಸೈಕಲ್ಲು ಹತ್ತಿದರು. ಬೆಳಿಗ್ಗೆ ನೋಡಿದರೆ ಹಿಂದಿನ ಶೆಡ್ಡಿನ ನೆನೆದ ಗೋಡೆ ಕುಸಿದು ನಿಂಗಪ್ಪ ಅದರಡಿ ಇದ್ದ. ಜೀವ ಇರಲಿಲ್ಲ.

“ಬಿಲ್ಲಿ ಹೇಳಾಕತ್ತಿತ್ತು. ಅದನ್ನ ನಾ ಒಬ್ಬನೇ ನೋಡಿದ್ದೆ. ನೋಡಿ ಮನಿಗಿ ಬಂದೆ,” ಎಂದರು. “ಅಂದು ಮನ್ಯಾಗ ಉಂಡಿದ್ದೆ. ನಿನ್ನಿನೂ ಉಂಡೆ.”

ಆ ದಿನದಿಂದ ಅವರ ಗಾಬರಿಗೆ ನಾನು ನಕ್ಕದ್ದಿಲ್ಲ. ನನಗೇ ಅದು ಹತ್ತಿಕೊಂಡಿತು. ರೂತ್ ಸಾಲೆಯಿಂದ ಬರುವುದು ತಡವಾದರೆ ನಾನು ಅವರಿಗಿಂತ ಮೊದಲು ಗೇಟಿಗೆ ಹೋಗುತ್ತಿದ್ದೆ. ನಾವಿಬ್ಬರೂ ಅಲ್ಲಿ ನಿಂತಿರುವುದನ್ನು ನೋಡಿ ಅತ್ತೆ, ಒಂದು ಹುಚ್ಚು ಸಾಲಲಿಲ್ಲ, ಈಗ ಎರಡಾದವು ಎನ್ನುತ್ತಿದ್ದರು.

ಮಾವನವರಿಗೆ ಎಂಬತ್ತು ದಾಟಿದ ಮೇಲೆ ಉಸಿರಾಟದ ತೊಂದರೆ ಹೆಚ್ಚಾಯಿತು. ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಮಳೆಗಾಲದಲ್ಲಿ ನೆಹರು ನಗರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಟೋ ಬಂದು ನಿಂತರೂ ಅವರು ಏರಲಿಲ್ಲ. ದಾವೀದ ಬಾವನ ಹೆಗಲು ಹಿಡಿದು ಹಲಗೆಯ ಮುಂದೆ ಹೋಗಿ, ತಮ್ಮ ಬಿಲ್ಲೆಯನ್ನು ತೆಗೆದು ಹೊರಗಿನ ಮೊಳೆಗೆ ಹಾಕಿದರು. ಎರಡು ಸಲ ಜಾರಿತು. ಹಾಕಿಕೊಡಲೇ ಎಂದು ಬಾವ ಕೇಳಲಿಲ್ಲ.

ಅತ್ತೆ ಅವರ ಜೊತೆಗೇ ಉಳಿದರು. ನಾನು ದಿನಾ ಸಂಜೆ ಗಂಜಿಯ ಡಬ್ಬಿ ಹಿಡಿದು ಬಸ್ಸಿನಲ್ಲಿ ಹೋಗುತ್ತಿದ್ದೆ. ಹೋದ ಕೂಡಲೇ ಅವರ ಪ್ರಶ್ನೆ ಒಂದೇ, ಯಾರು ಒಳಗೆ, ಯಾರು ಹೊರಗೆ. ನಾನು ಹೆಸರು ಹೆಸರು ಹೇಳಿ ಒಪ್ಪಿಸಬೇಕು. ದಾವೀದ ಬಾವ ಒಳಗ್ರಿ. ರೂತ್ ಒಳಗ್ರಿ. ಅವರು ಒಂದೊಂದು ಹೆಸರಿಗೂ ರೆಪ್ಪೆ ಮುಚ್ಚಿ ತೆರೆಯುವರು. ನಿಂದು ಎಂದು ಕೇಳಿದರೆ, ನಾನಿಲ್ಲೇ ಅದೀನಲ್ರಿ, ಹೊರಗ ಎನ್ನುತ್ತಿದ್ದೆ. ಹಂಗಾರ ನಾವು ಮೂವರು ಹೊರಗ ಎಂದು ಅತ್ತೆಯ ಕಡೆ ನೋಡಿ ಸಣ್ಣಗೆ ನಗುವರು. ಆಮೇಲೆ ಪ್ರಾರ್ಥನೆ.

ಒಂಬತ್ತನೆಯ ದಿನ ಪ್ರಭಾಕರನನ್ನು ಅವನು ಕೆಲಸ ಮಾಡುವ ವರ್ಕ್‌ಶಾಪಿನವರು ಖಾನಾಪುರದ ಹೆಂಚಿನ ಕಾರ್ಖಾನೆಯೊಂದಕ್ಕೆ ಯಂತ್ರದ ಭಾಗ ಜೋಡಿಸಲು ಕಳಿಸಿದ್ದರು. ಮಧ್ಯಾಹ್ನ ಮೂರಕ್ಕೆ ಬರುತ್ತೇನೆ ಎಂದು ಮೋಟಾರ್ ಸೈಕಲ್ಲಿನಲ್ಲಿ ಹೋಗಿದ್ದ. ಐದಾದರೂ ಬರಲಿಲ್ಲ. ಮಳೆ ಸುರಿಯುತ್ತಲೇ ಇತ್ತು. ಆಸ್ಪತ್ರೆಯ ಎದುರಿನ ಫೋನ್ ಬೂತಿನಿಂದ ವರ್ಕ್‌ಶಾಪಿಗೆ ಫೋನು ಹಚ್ಚಿದೆ. ಗಂಟೆ ಹೊಡೆದೂ ಹೊಡೆದೂ ನಿಂತಿತು. ಮತ್ತೊಮ್ಮೆ ಹಚ್ಚಿದೆ. ಬೂತಿನವನು ಆ ರಸ್ತೆಯಲ್ಲಿ ಮರಗಳು ಬಿದ್ದಿವೆಯಂತೆ ಎಂದ. ಎಲ್ಲಿ, ಯಾರ ಮೇಲೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಮೆಟ್ಟಿಲು ಹತ್ತುವಾಗ ನಾನು ನಿಶ್ಚಯ ಮಾಡಿದೆ. ಹಿಂದಿನ ಸಂಜೆಯಿಂದಲೇ ಅವರ ಉಸಿರು ಗರಗಸ ಎಳೆದ ಹಾಗೆ ಕೇಳುತ್ತಿತ್ತು. ಮಗ ಆ ಮಳೆಯಲ್ಲಿ ದಾರಿಯಲ್ಲಿದ್ದಾನೆ ಎಂದು ಹೇಳಿದರೆ ಅವರು ಎದ್ದು ಕೂರುತ್ತಾರೆ, ಮೂಗಿನ ನಳಿಕೆ ಕಿತ್ತು ಬಸ್ ಸ್ಟಾಪಿಗೆ ಹೊರಡುತ್ತಾರೆ. ಒಂದು ರಾತ್ರಿಯಾದರೂ ನಿದ್ದೆ ಮಾಡಲಿ.

“ಎಲ್ಲಾರೂ ಒಳಗ ಅದಾರ್ರಿ ಮಾವಾರ,” ಎಂದೆ.

ಅವರು ನನ್ನನ್ನು ನೋಡಿದರು. ಮತ್ತೇನೂ ಕೇಳಲಿಲ್ಲ. “ಮಳಿ ಜೋರ ಐತಿ. ಲಗೂ ಮನಿಗಿ ಹೋಗ ಯವ್ವಾ,” ಎಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು. ನಾನು ಪ್ರಾರ್ಥನೆಗೂ ನಿಲ್ಲದೆ ಹೊರಟೆ. ಅವರ ಎದುರು ಕಣ್ಣು ಮುಚ್ಚಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಪ್ರಭಾಕರ ಎಂಟಕ್ಕೆ ಬಂದ. ರಸ್ತೆಗೆ ಅಡ್ಡ ಬಿದ್ದ ಮರ ತೆಗೆಯುವವರೆಗೆ ಎಲ್ಲರನ್ನೂ ನಿಲ್ಲಿಸಿದ್ದರಂತೆ. ಮೈಯೆಲ್ಲ ನೀರು ಸೋರುತ್ತಿರುವಾಗಲೇ ಅವನು ಬಿಲ್ಲೆಯನ್ನು ಒಳಗಿನ ಮೊಳೆಗೆ ಹಾಕಿದ. ಇನ್ನು ಸುಳ್ಳು ನಿಜವಾಯಿತು ಎಂದು ನಾನು ಸಮಾಧಾನ ಮಾಡಿಕೊಂಡೆ. ಬೆಳಕು ಹರಿಯುವಾಗ ಆಸ್ಪತ್ರೆಯಿಂದ ಸುದ್ದಿ ಬಂತು.

ಮಣ್ಣು ಮಾಡಿ ಬಂದ ಸಂಜೆ ಒಬ್ಬೊಬ್ಬರೇ ಬಿಲ್ಲೆ ಬದಲಿಸಿ ಒಳಗೆ ಬಂದೆವು. ಅತ್ತೆಯದು ಕೊನೆಗೆ. ಹೊರಗಿನ ಸಾಲಿನಲ್ಲಿ ಒಂದೇ ಬಿಲ್ಲೆ ಉಳಿಯಿತು. ಚಾಪೆ ಹಾಸಿ ಕೂತೆವು. ಏಳೂವರೆ ಆಯಿತು. ದಾವೀದ ಬಾವ ಹಲಗೆ ನೋಡಿ ಕಣ್ಣು ಮುಚ್ಚಿ, ಮತ್ತೆ ತೆರೆದರು.

“ಹೊರಗ ಇದ್ದವರ ಹೆಸರ ಹಿಡೀಬೇಕು,” ಎಂದರು. “ಆದ್ರ ತೀರಿದವರ ಸಲುವಾಗಿ ನಮ್ಮಾಗ ಪ್ರಾರ್ಥನಿ ಮಾಡಂಗಿಲ್ಲ. ಅಪ್ಪನೇ ಹೇಳತಿದ್ದ, ಅದು ದೇವರ ಕೈಯಾಗಿನ ಮಾತು ಅಂತ.”

ಹಾಗಾದರೆ ಒಳಗೆ ಹಾಕೋಣ ಎಂದ ಪ್ರಭಾಕರ. ಹಾಕಲು ಯಾರೂ ಏಳಲಿಲ್ಲ. ಒಳಗೆ ಹಾಕಿದರೆ ಸುಳ್ಳು. ಆ ಮನೆಯಲ್ಲಿ ಬಿಲ್ಲೆಯ ಸುಳ್ಳು ಎಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹೇಳಿದ ಮಾತನ್ನು ಎಲ್ಲರೆದುರು ಹೇಳಿಬಿಟ್ಟೆ. ಪ್ರಭಾಕರ ದಾರಿಯಲ್ಲಿದ್ದಾಗ ಎಲ್ಲರೂ ಒಳಗಿದ್ದಾರೆ ಎಂದೆ, ಕೊನೆಯ ದಿನವೂ ಅವರಿಂದ ಸುಳ್ಳು ಸ್ತೋತ್ರ ಮಾಡಿಸಿದೆ ಎಂದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

“ಮಾಡಲಿಲ್ಲ,” ಎಂದರು. “ನೀ ದಿನಾ ಒಬ್ಬೊಬ್ಬರ ಹೆಸರ ಹೇಳತಿದ್ದಿ. ಅವತ್ತ ಎಲ್ಲಾರೂ ಅಂದಿ. ನೀ ಬಾಗಲಾ ದಾಟಿದ್ದ ತಡ, ಪ್ರಭ್ಯಾ ದಾರ್ಯಾಗ ಅದಾನ ಅಂದ್ರು. ಹುಡುಗಿ ಅಂಜ್ಯಾಳ, ಏನೂ ಕೇಳಬ್ಯಾಡ ಅಂದ್ರು. ಖಾನಾಪುರದಿಂದ ಹಿಡದ ಒಂದೊಂದ ತಿರುವ ಹೇಳಿ ಪ್ರಾರ್ಥನಿ ಮಾಡಿದ್ರು. ಉಸರ ಸಾಲವಲ್ದು, ಆದ್ರೂ ಬಿಡಲಿಲ್ಲ. ಅನಗೋಳದ ತನಕ ತಂದ ಬಿಟ್ಟ ಮ್ಯಾಲೇ ಸುಮ್ಮನಾದ್ರು.”

ಪ್ರಭಾಕರ ಎದ್ದು ಹಿತ್ತಲಿಗೆ ಹೋದ. ಶೆಡ್ಡಿನಲ್ಲಿ ಅವನು ಅಳುವುದು ಕೇಳಿಸುತ್ತಿತ್ತು. ನಾನು ಮಾವನವರಿಗೆ ಒಂದು ರಾತ್ರಿಯ ನಿದ್ದೆ ಕೊಡಬೇಕೆಂದಿದ್ದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ನನ್ನ ಸುಳ್ಳನ್ನೂ ತೆಗೆದುಕೊಳ್ಳಲಿಲ್ಲ, ನನಗೆ ನಾಚಿಕೆಯಾಗಲೂ ಬಿಡಲಿಲ್ಲ.

ಆಗ ನನಗೆ ಮಲಪ್ರಭೆಯ ಘಾಟು ನೆನಪಾಯಿತು. ಒಳಗೂ ಅಲ್ಲ, ಹೊರಗೂ ಅಲ್ಲ, ಕಿಸೆಯಲ್ಲಿ ಬಂದ ನನ್ನ ಬಿಲ್ಲೆ. ಅದನ್ನು ಅತ್ತೆಗೆ ಹೇಳಿದೆ. ಅವರು ಎದ್ದು ಹಲಗೆಯ ಹತ್ತಿರ ಹೋದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ಗಂಡನ ಬಿಲ್ಲೆ ಮುಟ್ಟಿದ್ದು ಅದೇ ಮೊದಲು. ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದು ಕೂತರು. ದಾವೀದ ಬಾವ ಪ್ರಾರ್ಥನೆ ಮಾಡಿದರು. ಅಪ್ಪನ ಹೆಸರು ಬರುವ ಜಾಗದಲ್ಲಿ ಸುಮ್ಮನಾದರು. ನಾವೂ ಸುಮ್ಮನಿದ್ದೆವು. ಈಗಲೂ ದಿನಾ ಅಷ್ಟು ಹೊತ್ತು ಸುಮ್ಮನಿರುತ್ತೇವೆ.

ಮಾವನವರು ಹೋಗಿ ವರ್ಷವಾಗುತ್ತಾ ಬಂತು. ಶೆಡ್ಡಿನಲ್ಲಿ ಅವರ ಉಳಿಗಳಿಗೆ ಪ್ರಭಾಕರ ಎಣ್ಣೆ ಹಚ್ಚಿಟ್ಟಿದ್ದಾನೆ. ಶನಿವಾರ ಸಂಜೆಯ ಇಸ್ತ್ರಿ ದಾವೀದ ಬಾವನದು, ಮಡಿಕೆ ಸರಿ ಬರುವುದಿಲ್ಲ. ಹಲಗೆಯ ಮೇಲೆ ಮಾವನವರ ಎರಡು ಮೊಳೆಗಳೂ ಖಾಲಿ ಇವೆ.

ಇವತ್ತೂ ಮಳೆ. ರೂತ್ ಟ್ಯೂಷನ್ನಿಂದ ಆರಕ್ಕೆ ಬರಬೇಕು. ಅರ್ಧ ಗಂಟೆಯ ಬಿಡತಿ ಮುಗಿಯಲು ಇನ್ನೂ ಹತ್ತು ನಿಮಿಷ ಇದೆ. ಇದನ್ನು ಇಷ್ಟಕ್ಕೇ ನಿಲ್ಲಿಸಿ ಕೊಡೆ ತೆಗೆದುಕೊಳ್ಳುತ್ತೇನೆ. ಅತ್ತೆ ಆಗಲೇ ಗೇಟಿಗೆ ಹೋಗಿದ್ದಾರೆ, ಸೆರಗಿನ ಗಂಟು ಹಿಡಿದುಕೊಂಡು.